ಕೆಂಪು ಬಟ್ಟೆ ಹುಡುಕಿ ಸೋತಿದ್ದು

ಪಿಕಾಸೊ ಇಂಕ್‌ನಲ್ಲಿ ಬಿಡಿಸಿದ ಗೂಳಿ ಕಾಳಗದ ಚಿತ್ರವೊಂದನ್ನು ಮೂರು ದಿನ ತಪ್ಪಾಗಿಯೇ ನೋಡಿದೆ. 1961ರಲ್ಲಿ ಬಂದ ‘ಟೊರೊಸ್ ಇ ಟೊರೆರೊಸ್’ ಪುಸ್ತಕದ ಪುಟ ಅದು. ಕುದುರೆ, ಅದರ ಮೇಲೆ ಈಟಿ ಹಿಡಿದವನು, ಎದುರಿಗೆ ಗೂಳಿ. ಉಳಿದದ್ದೆಲ್ಲ ಬಿಳಿ ಕಾಗದ.

ನಾನು ಹಾವೇರಿ ಕಡೆಯವನು. ಹೋರಿ ಬೆದರಿಸುವುದನ್ನು ನೋಡಿ ಬೆಳೆದ ಕಣ್ಣು. ನಮ್ಮಲ್ಲಿ ಹೋರಿ ತನ್ನ ಕೊರಳಿಗೆ ಕಟ್ಟಿದ ಕೊಬ್ಬರಿಯನ್ನು ಯಾರ ಕೈಗೂ ಕೊಡದೆ ಓಡಿಹೋದರೆ ಅದರದೇ ಗೆಲುವು. ಇಲ್ಲೂ ಓಟವನ್ನೇ ಹುಡುಕಿದೆ. ಗೂಳಿ ತಲೆ ತಗ್ಗಿಸಿದ್ದು ಬರೀ ಸಿಟ್ಟಿಗೆ ಅಂದುಕೊಂಡೆ. ಕೆಂಪು ಬಟ್ಟೆ ಎಲ್ಲಿ ಅಂತ ಬೇರೆ ತಡಕಾಡಿದೆ, ಅದೂ ಕಪ್ಪು ಇಂಕ್‌ನಲ್ಲಿ!

ಕೊನೆಗೆ ಆಟದ ಕ್ರಮ ಓದಿಕೊಂಡೆ. ಸ್ಪೇನಿನ ಕಾಳಗಕ್ಕೆ ಮೂರು ಹಂತ. ಮೊದಲನೆಯದು ಈಟಿ ಹಿಡಿದ ಸವಾರನದು. ಅವನೇ ಪಿಕಾದೋರ್. ಎರಡನೆಯದರಲ್ಲಿ ಮುಳ್ಳಿನ ಕಡ್ಡಿಗಳನ್ನು ಚುಚ್ಚುತ್ತಾರೆ. ಆ ಚಿಕ್ಕ ಕೆಂಪು ಬಟ್ಟೆ, ಕತ್ತಿ ಎಲ್ಲ ಮೂರನೆಯದರಲ್ಲಿ. ಗೂಳಿಗೆ ಕೆಂಪು ಗುರುತಾಗುವುದೂ ಇಲ್ಲ, ಅದು ನುಗ್ಗುವುದು ಬಟ್ಟೆಯ ಅಲುಗಾಟಕ್ಕೆ. ಪಿಕಾದೋರ್ ಈಟಿ ಹಾಕುವುದು ಕತ್ತಿನ ಉಬ್ಬಿದ ಮಾಂಸಕ್ಕೆ. ಆ ಮಾಂಸ ಸೋತರೆ ಗೂಳಿಗೆ ತಲೆ ಎತ್ತಿ ಹಿಡಿಯುವುದು ಕಷ್ಟ. ಆಗಲೇ ಕೊನೆಗೆ ಕತ್ತಿ ಇಳಿಸಲು ದಾರಿ. ಅಂದರೆ ಹಾಯಲು ತಗ್ಗಿಸಿದ ಈ ತಲೆ ಇನ್ನು ಮೊದಲಿನಂತೆ ಏಳಲಿಕ್ಕಿಲ್ಲ. ಸಿಟ್ಟು ಅಂದುಕೊಂಡದ್ದು ಇದನ್ನೇ, ಅಲ್ವಾ?

ಪಿಕಾಸೊಗೆ ಇದೆಲ್ಲ ಚಿಕ್ಕಂದಿನಿಂದ ಗೊತ್ತು. ಸ್ಪೇನಿನ ಮಲಗಾ ಊರಿನಲ್ಲಿ 1881ರಲ್ಲಿ ಹುಟ್ಟಿದವನು. ಎಂಟು ವರ್ಷದ ಹುಡುಗನಾಗಿದ್ದಾಗ ಬಿಡಿಸಿದ ಎಣ್ಣೆಬಣ್ಣದ ಚಿತ್ರದಲ್ಲೂ ಪಿಕಾದೋರನೇ ಇದ್ದಾನೆ. ಪುಸ್ತಕ ಬರುವ ಹೊತ್ತಿಗೆ ಅವನಿಗೆ ಎಂಬತ್ತರ ಹತ್ತಿರ.

ಆಮೇಲೆ ಬ್ರಷ್ ಹಿಡಿದು ನಕಲು ಮಾಡಲು ಕೂತೆ. ಪೆನ್ಸಿಲ್ ಮುಟ್ಟಲಿಲ್ಲ, ಅಳಿಸುವ ಆಸೆ ಹುಟ್ಟುತ್ತದೆ. ಈಟಿಯನ್ನು ಒಂದೇ ಉಸಿರಿನಲ್ಲಿ ಎಳೆಯಬೇಕು. ಆರು ಹಾಳೆ ಹಾಳಾದವು. ಗೂಳಿಯ ಬೆನ್ನಿಗೆ ಬ್ರಷ್ ಒತ್ತಿದರೆ ಭಾರ ತಾನೇ ಬರುತ್ತದೆ. ಕಷ್ಟ ಕೊಟ್ಟದ್ದು ಬಿಳಿ. ನೆಲಕ್ಕೂ ಸುಮ್ನೆ ತೆಳು ಇಂಕ್ ಬಳಿದೆ, ಚಿತ್ರ ಸತ್ತೇಹೋಯಿತು. ಆ ಬಿಳಿಯೇ ಕಾಳಗದ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದ ಮರಳು. ಅಲ್ಲಿ ನೆರಳಿನ ಸೀಟಿಗೆ ದುಡ್ಡು ಜಾಸ್ತಿ, ಬಿಸಿಲಿನದಕ್ಕೆ ಕಡಿಮೆ. ಅಂಥ ಬಿಸಿಲನ್ನು ಅವನು ಏನೂ ಬಳಿಯದೆ ತಂದಿದ್ದಾನೆ.

ಏಳನೆಯ ಹಾಳೆ ಪರವಾಗಿಲ್ಲ. ಆದರೆ ನಡುವೆ ಇರುವ ಒಂದು ಕಾಲು ಕುದುರೆಯದೋ ಗೂಳಿಯದೋ ಇನ್ನೂ ತಿಳಿದಿಲ್ಲ. ಅವನು ಎಳೆದ ಹಾಗೇ ಎಳೆದು ಬಿಟ್ಟಿದ್ದೇನೆ.