ಮದುವೆ ಸ್ಯಾಕ್ಸೋಫೋನಿಂದ ಕೂತ ನನ್ನ ಎಲೆಕ್ಟ್ರೋ ಸ್ವಿಂಗ್

ಕನ್ನಡದಲ್ಲಿ ಎಲೆಕ್ಟ್ರೋ ಸ್ವಿಂಗ್ (ಹಳೇ ಸ್ವಿಂಗ್ ಜಾಝ್‌ಗೆ ಈಗಿನ ಎಲೆಕ್ಟ್ರಾನಿಕ್ ಡ್ಯಾನ್ಸ್ ಬೀಟ್ ಬೆರೆಸಿದ ಸಂಗೀತ) ಕೂರುವುದಿಲ್ಲ ಅಂತ ನನಗೆ ಕಡಿಮೆ ಅಂದರೂ ಆರು ಜನ ಹೇಳಿದ್ದರು. ಅವರಲ್ಲಿ ಇಬ್ಬರು ಈಗ ನನ್ನ ಹಾಡಿನ ಪ್ರಾಜೆಕ್ಟ್ ಫೈಲ್ ಕೇಳುತ್ತಿದ್ದಾರೆ. ಕೊಡುವುದಿಲ್ಲ. ಹೇಗೆ ಮಾಡಿದೆ ಅನ್ನುವುದನ್ನು ಮಾತ್ರ, ಒಂದೆರಡು ಗುಟ್ಟು ಜೇಬಲ್ಲಿಟ್ಟುಕೊಂಡು, ಇಲ್ಲಿ ಬರೆಯುತ್ತೇನೆ.

ಪರೋವ್ ಸ್ಟೆಲಾರ್, ಕ್ಯಾರವಾನ್ ಪ್ಯಾಲೆಸ್ ಥರದ ಎಲೆಕ್ಟ್ರೋ ಸ್ವಿಂಗ್ ಕಲಾವಿದರನ್ನು ಕೇಳಿ ಹುಚ್ಚು ಹಿಡಿದವರೆಲ್ಲ ಮೊದಲು ಮಾಡುವ ಕೆಲಸ ಒಂದೇ. ಹಳೇ ರೆಕಾರ್ಡಿನಿಂದ ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಕತ್ತರಿಸಿ, ಕೆಳಗೆ ಕಿಕ್ ಡ್ರಮ್ಮಿನ ಗುದ್ದು ಇಡುವುದು. ನಾನೂ ಅಲ್ಲಿಂದಲೇ ಶುರು ಮಾಡಿದೆ. 1936ರ ಒಂದು ಅಮೆರಿಕನ್ ಡ್ಯಾನ್ಸ್ ಬ್ಯಾಂಡಿನ ಪ್ಲೇಟು ಸಿಕ್ಕಿತು, ಸುಮಾರು 400 ರೂಪಾಯಿ. ಎಲ್‌ಪಿ ಸೂಜಿಯಲ್ಲೇ ಹಾಕಿದೆ. ಅದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟು. 78ರ ಗೆರೆ ಅಗಲ, ಈ ಸೂಜಿ ಸಣ್ಣದು, ತಳಕ್ಕೆ ಹೋಗಿ ಕೂತು ಬರೀ ಕಸ ಕೆರೆಯುತ್ತಿತ್ತು. 78ರ ಸೂಜಿಗೆ ಮತ್ತೆ ಎರಡೂವರೆ ಸಾವಿರ ಕೊಟ್ಟೆ. ಆಮೇಲೆ ನೋಡಿದರೆ ಬ್ಯಾಂಡಿನವರು ಕ್ಲಿಕ್ (ತಾಳ ಹಿಡಿಯುವ ಟಿಕ್ ಟಿಕ್) ಇಟ್ಟುಕೊಂಡು ನುಡಿಸಿಲ್ಲ, ಪ್ರತಿ ನಾಲ್ಕು ಬಾರ್‌ಗೂ ವೇಗ ಬೇರೆ. ಏಬಲ್ಟನ್ ಅನ್ನುವ ಸಂಗೀತ ಸಾಫ್ಟ್‌ವೇರಿನಲ್ಲಿ ವೇಗ ಹೊಂದಿಸುವ ವಾರ್ಪ್ ಮಾರ್ಕರ್ ಹಾಕಿ ಹಾಕಿ ಎರಡು ವಾರ ಹೋಯಿತು. ಪೂರ್ತಿ ಗೀಟು ಹಾಕಿದ ಹಾಗೆ ನೆಟ್ಟಗೆ ಮಾಡಿದ ಮೇಲೆ ಅದರಲ್ಲಿದ್ದ ಜೀವವೇ ಹೋಗಿತ್ತು.

ಆದರೂ ಬಿಡುಗಡೆ ಮಾಡಿದೆ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ, 1936ರದ್ದು ಯಾವಾಗಲೋ ಮುಗಿದಿದೆ ಅನ್ನುವ ಧೈರ್ಯ. ಹಾಡು ಹೋಗಿದ್ದು ಮಾತ್ರ ಇಡೀ ಪ್ರಪಂಚಕ್ಕೆ. ಅಮೆರಿಕದಲ್ಲಿ 1923ಕ್ಕಿಂತ ಹಿಂದಿನ ರೆಕಾರ್ಡುಗಳು ಮುಕ್ತವಾಗಿದ್ದೇ 2022ರ ಜನವರಿ 1ಕ್ಕೆ. 1936ರದ್ದು ಅಂದರೆ ಅಲ್ಲಿ ಬಿಡುಗಡೆಯಾದಾಗಿನಿಂದ ನೂರು ವರ್ಷ ಕಾಯಬೇಕು. ಒಂಬತ್ತೋ ಹತ್ತೋ ದಿನದಲ್ಲಿ ಒಂದು ರೆಕಾರ್ಡ್ ಕಂಪನಿ ಹಕ್ಕು ನಮ್ಮದು ಅಂತ ಕ್ಲೇಮ್ ಹಾಕಿತು, ಹಾಡು ಇಳಿಯಿತು. ಕವರ್ ಆರ್ಟ್, ಮಾಸ್ಟರಿಂಗ್, ಗಾಯಕಿಗೆ ಕೊಟ್ಟಿದ್ದು, ರೀಲ್ಸ್ ಪ್ರಚಾರ ಎಲ್ಲ ಸೇರಿ 22 ಸಾವಿರದ ಹತ್ತಿರ ನೀರಿಗೆ ಬಿತ್ತು. ತಪ್ಪು ನನ್ನದೇ, ಓದದೆ ಹಾರಿದ್ದೆ.

ಎರಡನೇ ಸಲ ಸ್ಯಾಂಪಲ್ ಪ್ಯಾಕ್, ಅಂದರೆ ರೆಡಿಮೇಡ್ ಸಂಗೀತದ ತುಣುಕುಗಳ ಕಟ್ಟು, ತಗೊಂಡೆ. ರಾಯಲ್ಟಿ ಇಲ್ಲ, ತಲೆನೋವಿಲ್ಲ. ಅದೇ ಟ್ರಂಪೆಟ್ ತುಣುಕು ಇನ್ನೂ ನಾಲ್ಕು ಹಾಡಲ್ಲಿ ಕೇಳಿದ ಮೇಲೆ ಡಿಲೀಟ್ ಮಾಡಿದೆ.

ಅಷ್ಟರಲ್ಲಿ ಮಂಗಳೂರಲ್ಲಿ ಒಂದು ಮದುವೆ ಊಟ. ನಮ್ಮ ಕಡೆ ಗೊತ್ತಲ್ಲ, ಸ್ಯಾಕ್ಸೋಫೋನ್ ಇಲ್ಲದೆ ತಾಳಿ ಕಟ್ಟುವುದಿಲ್ಲ. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿ ಮರುಳಾದ ವಾದ್ಯ ಇವತ್ತು ಕರಾವಳಿಯ ದೇವಸ್ಥಾನ, ಮದುವೆ ಮನೆ ಎಲ್ಲ ಕಡೆ ಇದೆ. ಪಾಯಸ ಬಡಿಸುವ ಹೊತ್ತಿಗೆ ವಾದಕರು ಒಂದು ಸ್ವರವನ್ನು ಕೆಳಗಿಂದ ಜಾರಿಸಿ ಮೇಲೆ ತಂದು ನಿಲ್ಲಿಸಿದರು. ನಾನು ಎಲೆ ಬಿಟ್ಟು ಎದ್ದೆ. ಆ ಜಾರಿಕೆ ನಾನು ಪ್ಲೇಟಲ್ಲಿ ಹುಡುಕುತ್ತಿದ್ದದ್ದೇ.

ಮರುವಾರ ಆ ಸ್ಯಾಕ್ಸೋಫೋನ್ ವಾದಕ ಅಣ್ಣನನ್ನು ಸ್ಟುಡಿಯೋಗೆ ಕರೆದೆ. ಸ್ಟುಡಿಯೋಗೆ ಗಂಟೆಗೆ 700, ಅಣ್ಣನಿಗೆ ದಿನಕ್ಕೆ 5 ಸಾವಿರ. ನಾನು ಸ್ವಿಂಗ್ ಮಾಡಿದ ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಕೇಳಿಸಿದೆ. ಅಣ್ಣ ಹೆಡ್‌ಫೋನ್ ತೆಗೆದು, "ಇದೆಂಥ ಮಾರಾಯ, ಹ್ಯಾಟು ಕುಂಟುತ್ತದೆ" ಅಂದರು. ಒಂದು ಗಂಟೆ ವಿವರಿಸಿದೆ, ಯೂಟ್ಯೂಬ್ ತೋರಿಸಿದೆ. ಏನೂ ಆಗಲಿಲ್ಲ, 700 ಮಾತ್ರ ಹೋಯಿತು. ಚಹಾ ಕುಡಿಯುವಾಗ ಅವರೇ ತೊಡೆ ಮೇಲೆ ತಕಿಟ ತಕಿಟ ತಟ್ಟಿ ನೋಡಿ, "ಇದು ತಿಶ್ರ ಅಲ್ವಾ? ಮೊದಲೇ ಹೇಳ್ಬಾರ್ದಾ!" ಅಂದರು. ಆಮೇಲೆ ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಈ ತಿಶ್ರದಿಂದ, ಅಂದರೆ ಮೂರರ ನಡೆಯಿಂದ, ಸಾಹಿತ್ಯದ ಗಂಟೂ ಬಿಚ್ಚಿತು. ಸ್ನೇಹಿತ ಬರೆದ ಸಾಲುಗಳು ಚೆನ್ನಾಗಿದ್ದವು, ಹಾಡಿದರೆ ಮಾತ್ರ ಹಲಗೆ. ಹೈಸ್ಕೂಲಲ್ಲಿ ಹಾಕಿದ ಹಾಗೆ ಪ್ರಸ್ತಾರ ಹಾಕಿದೆ. ಎಲ್ಲ ನಾಲ್ಕು ಮಾತ್ರೆಯ ಗಣ! ಸ್ವಿಂಗ್ ಅಂದರೆ ಒಂದು ಉದ್ದ, ಒಂದು ಗಿಡ್ಡ. ನಮ್ಮ ಲೆಕ್ಕದಲ್ಲಿ ಗುರು, ಲಘು, ಒಟ್ಟು ಮೂರು ಮಾತ್ರೆ. ಉತ್ಸಾಹ ರಗಳೆಯ ನಡೆ ಅಂತ ಮೇಷ್ಟ್ರು ಬಡಿದು ಕಲಿಸಿದ್ದು ಇದನ್ನೇ. "ರಾತ್ರಿ ಗಾಡಿ ಘಾಟಿ ಹತ್ತಿ" ಅಂತ ಬದಲಾಯಿಸಿದೆವು. ರಾ-ತ್ರಿ, ಗಾ-ಡಿ, ಘಾ-ಟಿ, ಹತ್-ತಿ. ಗಾಯಕಿಗೆ ಸ್ವಿಂಗ್ ಅಂದರೇನು ಅಂತ ಹೇಳಿಕೊಡಲೇ ಇಲ್ಲ. ಓದಿದರೆ ಸಾಕು, ತೂಗುತ್ತದೆ. ಕನ್ನಡ ಕೂರಲ್ಲ ಅಂದವರಿಗೆ ನಾನು ಕಳಿಸಿದ್ದು ಈ ಒಂದು ಸಾಲಿನ ವಾಯ್ಸ್ ನೋಟ್, ಅಷ್ಟೇ.

ಇನ್ನು ಹಳೇ ಸದ್ದು. ಸಾಫ್ಟ್‌ವೇರಿನ ಪ್ಲಗಿನ್ ಹಾಕಿ ತೀರಾ ಮೇಲಿನ, ಕೆಳಗಿನ ಸದ್ದು ಕತ್ತರಿಸಿದರೆ ಫೋನಲ್ಲಿ ಮಾತಾಡಿದ ಹಾಗೆ ಕೇಳುತ್ತದೆ, ಹಳೇದಾಗಿ ಕೇಳುವುದಿಲ್ಲ. ಅಜ್ಜನ ಮನೆ ಅಟ್ಟದಲ್ಲಿ ಗ್ರಾಮಫೋನಿನ ಕೊಂಬು ಇತ್ತು. ಪೆಟ್ಟಿಗೆ ಗೆದ್ದಲು ತಿಂದು ಹೋಗಿತ್ತು. ಕೊಂಬಿನ ಸಣ್ಣ ತುದಿಗೆ ಹಳೇ ಇಯರ್‌ಫೋನಿನ ಡ್ರೈವರ್ ಇಟ್ಟು, ಸುತ್ತ ಚಪಾತಿ ಹಿಟ್ಟು ಮೆತ್ತಿದೆ. ಅದರಲ್ಲಿ ಅಣ್ಣನ ಸ್ಯಾಕ್ಸ್ ರೆಕಾರ್ಡಿಂಗ್ ಹಾಕಿ, ಕೊಂಬಿನ ಬಾಯಿಂದ ಒಂದು ಅಡಿ ದೂರದಲ್ಲಿ ಮೈಕ್. ಆಟೋ ಸದ್ದು ಇರಬಾರದು ಅಂತ ಬೆಳಗಿನ ಜಾವ ಮೂರಕ್ಕೆ ರೆಕಾರ್ಡ್ ಮಾಡಿದೆ. ಬೇಸ್ ತಾನಾಗಿ ಉದುರಿತು, ಮಧ್ಯದಲ್ಲಿ ಒಂದು ಮೂಗಿನ ದನಿ ಬಂತು. ಹಿಟ್ಟು ಒಣಗಿದ ಮೇಲೆ ಸದ್ದು ಬದಲಾಗುತ್ತದೆ, ಹಾಗಾಗಿ ಅರ್ಧ ಗಂಟೆಯೊಳಗೆ ಮುಗಿಸಿ. ಮೈಕ್ ಯಾವ ಕೋನದಲ್ಲಿ ಅನ್ನುವುದನ್ನು ನೀವೇ ಹುಡುಕಿಕೊಳ್ಳಿ.

ಹಳೇ ಪ್ಲೇಟಿನ ಚಟಪಟ ಸದ್ದಿಗೆ ಇನ್ನೊಂದು ಹುಚ್ಚು ಮಾಡಿದೆ. ಅಮ್ಮ ಒಗ್ಗರಣೆ ಹಾಕುವಾಗ ಬಾಣಲೆ ಪಕ್ಕ ಮೈಕ್ ಹಿಡಿದೆ. ಸಾಸಿವೆ ಸಿಡಿಯುವುದು ಪ್ಲೇಟಿನ ಸದ್ದಿನ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಮೊದಲ ಐದಾರು ಸೆಕೆಂಡ್ ನಿಜಕ್ಕೂ ಹಾಗೇ ಇತ್ತು. ಆಮೇಲೆ ಎಲ್ಲ ಒಟ್ಟಿಗೆ ಸಿಡಿದು ಪಟಾಕಿ ಅಂಗಡಿ. ಮೈಕಿನ ಜಾಲರಿಗೆ ಎಣ್ಣೆ ಹಾರಿತು, ಅಮ್ಮ ಬೈದರು, ಮೈಕ್ ತೊಳೆಸಲು 900. ಆದರೆ ಆ ಐದು ಸೆಕೆಂಡ್ ಹಾಡಿನ ಶುರುವಿನಲ್ಲಿದೆ, ಯಾರೂ ಗುರುತು ಹಿಡಿದಿಲ್ಲ. ಉಳಿದ ಚಟಪಟ ಎಲ್ಲಿಂದ ತಂದೆ ಅಂತ ಕೇಳಬೇಡಿ.

ಎಲೆಕ್ಟ್ರಾನಿಕ್ ಭಾಗ ಎಲ್ಲರಿಗೂ ಗೊತ್ತಿದ್ದದ್ದೇ. 124 ಬಿಪಿಎಂ (ನಿಮಿಷಕ್ಕೆ 124 ಬೀಟ್), ಬಾರ್‌ಗೆ ನಾಲ್ಕು ಕಿಕ್, ಸೈಡ್‌ಚೈನ್ (ಕಿಕ್ ಬಿದ್ದಾಗೆಲ್ಲ ಉಳಿದ ಸದ್ದು ತಗ್ಗಿಸುವುದು). ಕೊಂಬಿನಲ್ಲಿ ಕೆಳಗಿನ ಸದ್ದೇ ಇಲ್ಲವಾದ್ದರಿಂದ ಸಿಂತ್ ಬೇಸಿಗೆ ಜಾಗ ತಾನಾಗಿ ಸಿಕ್ಕಿತು. ಇಡೀ ಹಾಡಿಗೆ ಕೊಂಬಿನ ಸದ್ದು ಇಡಬೇಡಿ, ಕಿವಿ ಸುಸ್ತಾಗುತ್ತದೆ. ಪಲ್ಲವಿಯಲ್ಲಿ ಸ್ವಚ್ಛ ಸ್ಯಾಕ್ಸನ್ನು ಬೆರೆಸಿದ್ದೇನೆ, ಎಷ್ಟು ಅಂತ ಹೇಳಲ್ಲ. ಸ್ನೇರ್ ಡ್ರಮ್ ಬದಲು ಡೋಲು ಇಟ್ಟು ನೋಡಿದೆ. ಮೆರವಣಿಗೆ ಹೊರಟ ಹಾಗಾಯಿತು, ತೆಗೆದೆ.

ಈ ಸಲದ ಖರ್ಚು 19 ಸಾವಿರದೊಳಗೆ. ಬಂದದ್ದು ಇವತ್ತಿಗೆ ಮೂರು ಸಾವಿರ ಚಿಲ್ಲರೆ, ಅದರಲ್ಲಿ ಜಾಸ್ತಿ ರೀಲ್ಸ್‌ನಿಂದ. ಒಂದೂ ಕ್ಲೇಮ್ ಬಂದಿಲ್ಲ. ಅಣ್ಣ ಈಗ ಮದುವೆಗಳಲ್ಲಿ ಊಟದ ಹೊತ್ತಿಗೆ ನಮ್ಮ ಹಾಡಿನ ತುಣುಕು ನುಡಿಸುತ್ತಿದ್ದಾರಂತೆ. ಫೋನ್ ಮಾಡಿ, "ಅಣ್ಣ, ನನ್ನ ರಾಯಲ್ಟಿ?" ಅಂದೆ. "ಭಾನುವಾರ ಊಟಕ್ಕೆ ಬಾ ಮಾರಾಯ, ಎರಡು ಪಾಯಸ ಉಂಟು" ಅಂದರು.