ಪಾಸ್‌ವರ್ಡ್ ನಿಮ್ಮ ಕೈಗೂ ಸಿಗದಂತೆ ಇಡುವುದು ಹೇಗೆ?

ಮಂಡ್ಯದ ಸುತ್ತಮುತ್ತಲಿನ ಯಾವುದಾದರೂ ಊರಿನ ಹಾಲು ಉತ್ಪಾದಕರ ಸಹಕಾರ ಸಂಘವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 300 ಸದಸ್ಯರು ಎನ್ನಿ. ಎಷ್ಟು ಲೀಟರ್ ಹಾಕಿದೆವು, ಫ್ಯಾಟ್ ಎಷ್ಟು ಬಂತು, ಈ ಬಟವಾಡೆಗೆ ಎಷ್ಟು ದುಡ್ಡು ಎಂಬುದನ್ನು ಸದಸ್ಯರು ಫೋನಿನಲ್ಲೇ ನೋಡಿಕೊಳ್ಳಲಿ ಎಂದು ಊರಿನ ಎಂಜಿನಿಯರಿಂಗ್ ಓದುವ ಮಕ್ಕಳು ಒಂದು ಪುಟ್ಟ ವೆಬ್ ಆ್ಯಪ್ ಬರೆದುಕೊಡುತ್ತಾರೆ. ಪಿಎಚ್‌ಪಿ ಭಾಷೆ, ಮೈಎಸ್‌ಕ್ಯೂಎಲ್ ಡೇಟಾಬೇಸ್, 1 ಜಿಬಿ ಮೆಮೊರಿಯ ಅಗ್ಗದ ಸರ್ವರ್: ಇಷ್ಟರಲ್ಲಿ ಕೆಲಸ ಆಗುತ್ತದೆ. ಎಡವುವುದು ಒಂದೇ ಕಡೆ. ಸದಸ್ಯರ ಟೇಬಲ್‌ನಲ್ಲಿ ಹೆಸರು, ಮೊಬೈಲ್ ನಂಬರಿನ ಪಕ್ಕದಲ್ಲೇ ಪಾಸ್‌ವರ್ಡ್ ಕೂಡ ಯಾರು ಬೇಕಾದರೂ ಓದುವಂತೆ ಕೂತಿರುತ್ತದೆ.

ಹಾಲಿನ ಲೆಕ್ಕ ಕದ್ದು ಯಾರಿಗೇನು ಸಿಗುತ್ತದೆ ಎಂದು ಕೇಳುವವರುಂಟು. ಕಳ್ಳರಿಗೆ ಬೇಕಿರುವುದು ಹಾಲಿನ ಲೆಕ್ಕವಲ್ಲ. ಅದೇ ಪಾಸ್‌ವರ್ಡನ್ನು ಜನ ಇಮೇಲ್‌ಗೂ, ಫೇಸ್‌ಬುಕ್‌ಗೂ, ಕೆಲವರು ನೆಟ್‌ಬ್ಯಾಂಕಿಂಗ್‌ಗೂ ಇಟ್ಟಿರುತ್ತಾರೆ. 2009ರಲ್ಲಿ ಅಮೆರಿಕದ ರಾಕ್‌ಯೂ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್ ಸೋರಿದವು. ಅವನ್ನು ಇದ್ದದ್ದು ಇದ್ದ ಹಾಗೇ ಬರೆದಿಡಲಾಗಿತ್ತು. ಪಾಸ್‌ವರ್ಡ್ ಮುರಿಯುವ ತಂತ್ರಾಂಶಗಳಿಗೆ ಇಂದಿಗೂ ಆ ಪಟ್ಟಿಯನ್ನು ಕೊಡುತ್ತಾರೆ. ಸಣ್ಣ ಆ್ಯಪ್ ಆದರೂ ಅದರಿಂದ ಸೋರಿದ ಪಾಸ್‌ವರ್ಡ್ ಸದಸ್ಯರ ಉಳಿದ ಖಾತೆಗಳಿಗೆಲ್ಲ ದಾರಿ ತೋರುತ್ತದೆ.

ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ನೋಡಲು ಪಾಸ್‌ವರ್ಡನ್ನೇ ಇಟ್ಟುಕೊಳ್ಳಬೇಕಾಗಿಲ್ಲ. ಕೆಳಗಿನ ಕೆಲಸಗಳೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಹಂತ 1: ಟೇಬಲ್ ಹಾಕುವಾಗ

ಸದಸ್ಯರ ಟೇಬಲ್‌ಗೆ ಬೇಕಾದ ಕಾಲಂಗಳು ಕಡಿಮೆ. ತಾನಾಗಿ ಏರುವ ಐಡಿ, ಸದಸ್ಯತ್ವ ಸಂಖ್ಯೆ, ಹೆಸರು, ಮೊಬೈಲ್, ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡ್ ಬದಲು ಇಡುವ, ಅದರಿಂದ ಲೆಕ್ಕ ಹಾಕಿ ತೆಗೆದ ಅಕ್ಷರಸಾಲು), ಪಾತ್ರ (ಸದಸ್ಯರೋ ಕಾರ್ಯದರ್ಶಿಯೋ), ಖಾತೆ ಚಾಲ್ತಿಯಲ್ಲಿದೆಯೋ ಇಲ್ಲವೋ, ಪಾಸ್‌ವರ್ಡ್ ಕೊನೆಯದಾಗಿ ಬದಲಾದ ಸಮಯ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಈ ಟೇಬಲ್‌ಗೆ ಬರಬಾರದು. ಲಾಗಿನ್‌ಗೆ ಅವುಗಳ ಅಗತ್ಯವೇ ಇಲ್ಲ.

ಲಾಗಿನ್ ಹೆಸರಾಗಿ ಸದಸ್ಯತ್ವ ಸಂಖ್ಯೆ ಒಳ್ಳೆಯದು. ಒಂದೇ ಸಂಘದಲ್ಲಿ ನಾಲ್ಕು ಜನ ಮಂಜುನಾಥರು, ಮೂರು ಜನ ನಿಂಗೇಗೌಡರು ಇರುತ್ತಾರೆ. ಹೆಸರು ಕೆಲಸಕ್ಕೆ ಬಾರದು. ಮೊಬೈಲ್ ನಂಬರಿಗೂ ತೊಡಕುಂಟು: ರೀಚಾರ್ಜ್ ಇಲ್ಲದೆ ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಮೊಬೈಲ್ ಕಾಲಂ ಇರಲಿ, ಬದಲಾಗುವ ಮಾಹಿತಿಯಾಗಿ ಇರಲಿ. ಇಡೀ ಮನೆಗೆ ಒಂದೇ ಫೋನ್ ಇರುವುದೂ ಉಂಟು, ಹಾಗಾಗಿ ಒಂದು ನಂಬರಿಗೆ ಒಬ್ಬರೇ ಸದಸ್ಯರು ಎಂಬ ನಿಯಮವನ್ನು ಅದಕ್ಕೆ ಹಾಕಬೇಡಿ.

ಹ್ಯಾಶ್ ಕಾಲಂಗೆ 255 ಅಕ್ಷರದ ಜಾಗ ಕೊಡಿ. ಬಿಕ್ರಿಪ್ಟ್ ಎಂಬ ವಿಧಾನದಲ್ಲಿ ಮಾಡಿದ ಹ್ಯಾಶ್ 60 ಅಕ್ಷರ ಉದ್ದ ಬರುತ್ತದೆ. 50 ಅಕ್ಷರದ ಕಾಲಂ ಇದ್ದು ಡೇಟಾಬೇಸ್ ಕಟ್ಟುನಿಟ್ಟಿನ ಮೋಡ್‌ನಲ್ಲಿ ಇಲ್ಲದಿದ್ದರೆ, ಕೊನೆಯ 10 ಅಕ್ಷರ ಸದ್ದಿಲ್ಲದೆ ಕತ್ತರಿಸಿಹೋಗುತ್ತವೆ. ನೋಂದಣಿ ಸರಾಗವಾಗಿ ಆಗುತ್ತದೆ, ಆದರೆ ಯಾರೊಬ್ಬರೂ ಲಾಗಿನ್ ಆಗಲಾರರು. ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ದಿನ ಕಳೆಯುವ ಮೊದಲು ಕಾಲಂ ಉದ್ದ ನೋಡಿ. ಕನ್ನಡದ ಹೆಸರುಗಳಿಗಾಗಿ ಟೇಬಲ್‌ನ ಅಕ್ಷರ ಸಂಕೇತ ಯುಟಿಎಫ್‌8ಎಂಬಿ4 ಇರಲಿ.

ಹಂತ 2: ಹ್ಯಾಶ್ ಮಾಡುವುದು

ಹ್ಯಾಶ್ ಎಂದರೆ ಒಂದೇ ದಿಕ್ಕಿನ ಲೆಕ್ಕ. ಆಲೆಮನೆಯ ಗಾಣದಿಂದ ಇಳಿದ ಹಾಲನ್ನು ಮತ್ತೆ ಕಬ್ಬಿನ ಜಲ್ಲೆ ಮಾಡಲಾಗದಂತೆ, ಹ್ಯಾಶ್‌ನಿಂದ ಪಾಸ್‌ವರ್ಡ್ ಹಿಂದಕ್ಕೆ ಬರುವುದಿಲ್ಲ. ಸದಸ್ಯರು ಮತ್ತೆ ಟೈಪ್ ಮಾಡಿದಾಗ ಅದೇ ಲೆಕ್ಕ ಮತ್ತೆ ಮಾಡಿ, ಎರಡೂ ಒಂದೇ ಬಂದರೆ ಒಳಗೆ ಬಿಡುತ್ತೇವೆ.

ಎಂಡಿ5, ಎಸ್‌ಎಚ್‌ಎ-1, ಎಸ್‌ಎಚ್‌ಎ-256 ಇವನ್ನು ಪಾಸ್‌ವರ್ಡ್‌ಗೆ ಬಳಸಬೇಡಿ. ಅವು ವೇಗಕ್ಕಾಗಿ ಮಾಡಿದವು. ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಊಹೆಗಳನ್ನು ಪ್ರಯತ್ನಿಸಬಲ್ಲದು. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ್ದು ಎಸ್‌ಎಚ್‌ಎ-1 ಹ್ಯಾಶ್‌ಗಳು, ಅವಕ್ಕೆ ಸಾಲ್ಟ್ ಇರಲಿಲ್ಲ. ಸಾಲ್ಟ್ ಎಂದರೆ ಪ್ರತಿ ಪಾಸ್‌ವರ್ಡ್‌ಗೂ ಬೇರೆಬೇರೆಯಾಗಿ ಸೇರಿಸುವ ಯಾದೃಚ್ಛಿಕ ಅಕ್ಷರಗಳು. ಅದಿಲ್ಲದಿದ್ದರೆ ಒಂದೇ ಪಾಸ್‌ವರ್ಡ್ ಇಟ್ಟವರಿಗೆಲ್ಲ ಒಂದೇ ಹ್ಯಾಶ್ ಬರುತ್ತದೆ. ಒಂದನ್ನು ಮುರಿದರೆ ಎಲ್ಲವೂ ಮುರಿದ ಹಾಗೆ.

ಪಾಸ್‌ವರ್ಡ್‌ಗೆಂದೇ ನಿಧಾನವಾಗಿ ಮಾಡಿದ ಎರಡು ವಿಧಾನಗಳು ಸಾಕು: 1999ರಿಂದ ಬಳಕೆಯಲ್ಲಿರುವ ಬಿಕ್ರಿಪ್ಟ್, ಮತ್ತು 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2 ಕುಟುಂಬದ ಆರ್ಗಾನ್2ಐಡಿ. ಪಿಎಚ್‌ಪಿಯಲ್ಲಿ ಪಾಸ್‌ವರ್ಡ್ ಹ್ಯಾಶ್, ಪಾಸ್‌ವರ್ಡ್ ವೆರಿಫೈ ಎಂಬ ಎರಡು ಫಂಕ್ಷನ್ ಈ ಕೆಲಸಕ್ಕೇ ಇವೆ. ಸಾಲ್ಟನ್ನು ಅವೇ ಹಾಕಿಕೊಳ್ಳುತ್ತವೆ. ಸಾಲ್ಟ್‌ಗೆ ಬೇರೆ ಕಾಲಂ ಬೇಡ. ಬಿಕ್ರಿಪ್ಟ್‌ನ 60 ಅಕ್ಷರಗಳಲ್ಲಿ ಮೊದಲ 7 ವಿಧಾನ ಮತ್ತು ಕಾಸ್ಟ್ (ಲೆಕ್ಕ ಎಷ್ಟು ಭಾರವಾಗಿರಬೇಕು ಎಂಬ ಅಂಕಿ) ಹೇಳುತ್ತವೆ, ನಂತರದ 22 ಸಾಲ್ಟ್, ಉಳಿದ 31 ಹ್ಯಾಶ್. ಸ್ವಂತ ಬುದ್ಧಿಯಿಂದ ಹೊಸ ಹ್ಯಾಶ್ ವಿಧಾನ ಕಟ್ಟಲು ಹೋಗಬೇಡಿ, ಎಷ್ಟೇ ಜಾಣತನದ್ದು ಅನ್ನಿಸಿದರೂ.

ಕಾಸ್ಟ್ ಒಂದು ಏರಿದರೆ ತಗಲುವ ಸಮಯ ಎರಡರಷ್ಟಾಗುತ್ತದೆ. 12ರಿಂದ ಶುರು ಮಾಡಿ ನಿಮ್ಮ ಸರ್ವರ್‌ನಲ್ಲೇ ಅಳೆಯಿರಿ. ಒಂದು ಲಾಗಿನ್‌ಗೆ ಕಾಲು ಸೆಕೆಂಡಿನ ಆಸುಪಾಸು ಹಿಡಿದರೆ ಸರಿ. ಆರ್ಗಾನ್2ಐಡಿ ಆದರೆ ವೆಬ್ ಭದ್ರತೆಯ ಓವಾಸ್ಪ್ ಸಂಸ್ಥೆ ಹೇಳುವ ಕನಿಷ್ಠ ಅಳತೆ 19 ಎಂಬಿ ಮೆಮೊರಿ, 2 ಸುತ್ತು, 1 ಥ್ರೆಡ್. ಬಟವಾಡೆಯ ದಿನ ಸಂಜೆ 20 ಜನ ಒಟ್ಟಿಗೆ ಲಾಗಿನ್ ಆದರೆ ಹ್ಯಾಶ್‌ಗೇ ಸುಮಾರು 380 ಎಂಬಿ ಹೋಗುತ್ತದೆ. ಮೈಎಸ್‌ಕ್ಯೂಎಲ್ ಕೂಡ ಅದೇ 1 ಜಿಬಿಯಲ್ಲಿ ಓಡುತ್ತಿದ್ದರೆ ಸರ್ವರ್ ಉಸಿರುಗಟ್ಟುತ್ತದೆ. ಇಂಥ ಕಡೆ ಬಿಕ್ರಿಪ್ಟ್ ಸಾಕು ಎಂಬುದು ನಮ್ಮ ಅಭಿಪ್ರಾಯ.

ಕನ್ನಡದಲ್ಲಿ ಪಾಸ್‌ವರ್ಡ್ ಇಟ್ಟರೆ

ಇದನ್ನು ಇಂಗ್ಲಿಷ್ ಪಾಠಗಳು ಹೇಳಿಕೊಡುವುದು ಅಪರೂಪ. ಬಿಕ್ರಿಪ್ಟ್ ನೋಡುವುದು ಮೊದಲ 72 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್; ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‘ಮೈಸೂರು’ ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿಗೆ ಸ್ವರಚಿಹ್ನೆಗಳೂ ಸೇರಿ ಆರು ಸಂಕೇತ, 18 ಬೈಟ್. ಅಂದರೆ 24 ಸಂಕೇತ ಮುಗಿಯುತ್ತಿದ್ದಂತೆ ಉಳಿದದ್ದನ್ನು ಬಿಕ್ರಿಪ್ಟ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕನ್ನಡದ ಉದ್ದ ಸಾಲೊಂದನ್ನು ಪಾಸ್‌ವರ್ಡ್ ಮಾಡಿಕೊಂಡವರ ಸಾಲಿನ ಬಾಲ ತಪ್ಪಾಗಿದ್ದರೂ ಬಾಗಿಲು ತೆರೆಯುತ್ತದೆ. 72 ಬೈಟ್ ಮೀರಿದರೆ ನೋಂದಣಿಯಲ್ಲೇ ತಿಳಿಸಿ ನಿಲ್ಲಿಸಿ, ಇಲ್ಲವೇ ಆರ್ಗಾನ್2ಐಡಿ ಬಳಸಿ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ‘ಕೊ’ ಎಂಬುದರ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ; ಹ್ಯಾಶ್ ಮಾತ್ರ ಬೇರೆ. ಒಂದು ಕೀಬೋರ್ಡ್‌ನಿಂದ ನೋಂದಾಯಿಸಿ ಇನ್ನೊಂದರಿಂದ ಲಾಗಿನ್ ಆಗಲು ಹೋದವರಿಗೆ ‘ತಪ್ಪು ಪಾಸ್‌ವರ್ಡ್’ ಎಂದು ಬರಬಹುದು. ಹ್ಯಾಶ್ ಮಾಡುವ ಮೊದಲು, ಪರೀಕ್ಷಿಸುವ ಮೊದಲು, ಎರಡೂ ಕಡೆ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಜೋಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಬೆಸೆಯುವ ಯೂನಿಕೋಡ್ ರೂಪಕ್ಕೆ, ತನ್ನಿ. ಪಿಎಚ್‌ಪಿಯ ಇಂಟಲ್ ವಿಸ್ತರಣೆಯಲ್ಲಿ ಇದಕ್ಕೆಂದೇ ನಾರ್ಮಲೈಸರ್ ಇದೆ. ಸದಸ್ಯತ್ವ ಸಂಖ್ಯೆಯನ್ನು ಕೆಲವರು ೧೨೩ ಎಂದು ಕನ್ನಡ ಅಂಕಿಗಳಲ್ಲೇ ಟೈಪ್ ಮಾಡುತ್ತಾರೆ. ಅದನ್ನು 123ಕ್ಕೆ ತಿರುಗಿಸಿಕೊಳ್ಳಿ. ಪಾಸ್‌ವರ್ಡ್‌ನೊಳಗಿನ ಅಂಕಿಗಳನ್ನು ಮುಟ್ಟಬೇಡಿ.

ಹಂತ 3: ಎಂಥ ಪಾಸ್‌ವರ್ಡ್‌ಗೆ ಒಪ್ಪಬೇಕು

ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಎಂದು ಒತ್ತಾಯಿಸಿದರೆ ಬರುವುದು ‘ಮಂಡ್ಯ@123’. ಅಮೆರಿಕದ ನಿಸ್ಟ್ ಸಂಸ್ಥೆಯ 2025ರ ಮಾರ್ಗಸೂಚಿ ಈ ಕಡ್ಡಾಯವನ್ನೂ, ಇಷ್ಟು ದಿನಕ್ಕೊಮ್ಮೆ ಬದಲಿಸಲೇಬೇಕೆಂಬ ಕಡ್ಡಾಯವನ್ನೂ ಬೇಡ ಎನ್ನುತ್ತದೆ. ಪಾಸ್‌ವರ್ಡ್ ಒಂದನ್ನೇ ನಂಬಿರುವ ಕಡೆ ಕನಿಷ್ಠ 15 ಅಕ್ಷರ ಕೇಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿ ಎಂದರೆ ಸದಸ್ಯರಿಗೆ ಅರ್ಥವಾಗುತ್ತದೆ. ಸುಲಭ ಊಹೆಗಳ ತಡೆಪಟ್ಟಿಯೊಂದು ಇರಲಿ. ಅದಕ್ಕೆ ನಮ್ಮ ಕಡೆಯವನ್ನೂ ಸೇರಿಸಿ: ಊರಿನ ಹೆಸರು, ಚಾಮುಂಡಿ, ಕೆಎ11, ಕೆಎ09, ಕೆಎ55, 571401. ಫೋನ್ ಕೀಬೋರ್ಡ್ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡದಂತೆ ಫಾರಂನಲ್ಲಿ ತಡೆಯಿರಿ. ಪಾಸ್‌ವರ್ಡ್ ತೋರಿಸುವ ಕಣ್ಣಿನ ಗುರುತು ಕೊಡಿ, ಪೇಸ್ಟ್ ಮಾಡಲು ಬಿಡಿ.

ಹಂತ 4: ಲಾಗಿನ್

ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ) ಸದಸ್ಯರು ಟೈಪ್ ಮಾಡಿದ್ದನ್ನು ಅಂಟಿಸಿ ಬರೆಯಬೇಡಿ. ಎರಡನ್ನೂ ಬೇರೆಬೇರೆಯಾಗಿ ಕಳುಹಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಆ ಸಂಖ್ಯೆಯ ಸದಸ್ಯರು ಇಲ್ಲದಿದ್ದರೂ ಒಂದು ನಕಲಿ ಹ್ಯಾಶ್ ಮೇಲೆ ಪರೀಕ್ಷೆ ಓಡಿಸಿ. ಇಲ್ಲವಾದರೆ ಇಲ್ಲದ ಸಂಖ್ಯೆಗೆ ಉತ್ತರ ಥಟ್ಟನೆ ಬರುತ್ತದೆ, ಇರುವ ಸಂಖ್ಯೆಗೆ ಕಾಲು ಸೆಕೆಂಡ್ ತಡ. ಆ ವ್ಯತ್ಯಾಸವೇ ಯಾವ ಸಂಖ್ಯೆ ಇದೆ ಎಂದು ಹೇಳಿಬಿಡುತ್ತದೆ. ತೋರಿಸುವ ಸಂದೇಶವೂ ಒಂದೇ ಇರಲಿ: ‘ಸದಸ್ಯತ್ವ ಸಂಖ್ಯೆ ಅಥವಾ ಪಾಸ್‌ವರ್ಡ್ ಸರಿಯಿಲ್ಲ’.

ಐದು ಸಲ ತಪ್ಪಾದರೆ ಆ ಖಾತೆಗೆ 1 ನಿಮಿಷ ಕಾಯಿಸಿ, ಮತ್ತೆ ತಪ್ಪಿದರೆ 2, ಆಮೇಲೆ 4. ಖಾತೆಯನ್ನು ಶಾಶ್ವತವಾಗಿ ಮುಚ್ಚಬೇಡಿ. ಹಾಗಾದರೆ ಆಗದವರ ಖಾತೆ ಮುಚ್ಚಿಸಲು ಐದು ಸಲ ತಪ್ಪು ಟೈಪ್ ಮಾಡಿದರೆ ಸಾಕಾಗುತ್ತದೆ. ಐಪಿ ವಿಳಾಸ ನೋಡಿ ತಡೆಯುವಾಗಲೂ ಕೈ ಸಡಿಲ ಇರಲಿ. ಮೊಬೈಲ್ ಇಂಟರ್‌ನೆಟ್‌ನಲ್ಲಿ ನೂರಾರು ಜನ ಒಂದೇ ಐಪಿಯ ಹಿಂದೆ ಇರುತ್ತಾರೆ, ಒಬ್ಬರ ತಪ್ಪಿಗೆ ಇಡೀ ಊರು ಹೊರಗುಳಿಯಬಾರದು.

ಲಾಗ್ (ಲಾಗಿನ್ ಪ್ರಯತ್ನಗಳ ದಾಖಲೆ) ಬರೆಯುವಾಗ ಸಮಯ, ಐಪಿ, ಫಲಿತಾಂಶ ಸಾಕು. ಪಾಸ್‌ವರ್ಡನ್ನು ಸಂಖ್ಯೆಯ ಖಾನೆಯಲ್ಲಿ ಟೈಪ್ ಮಾಡುವವರು ಬಹಳ. ಟೇಬಲ್‌ನಲ್ಲಿ ಇಲ್ಲದ ‘ಸಂಖ್ಯೆ’ ಬಂದರೆ ಅದನ್ನು ಲಾಗ್‌ಗೆ ಬರೆಯಬೇಡಿ. ಬರೆದರೆ ಹ್ಯಾಶ್ ಮಾಡಿ ಕಾಪಾಡಿದ್ದೆಲ್ಲ ಲಾಗ್ ಫೈಲಿನಲ್ಲಿ ಬಯಲಾಗುತ್ತದೆ.

ಇದಕ್ಕೆಲ್ಲ ಮೊದಲು, ಫೋನಿನಿಂದ ಸರ್ವರ್‌ಗೆ ಹೋಗುವುದನ್ನು ದಾರಿಯಲ್ಲಿ ಯಾರೂ ಓದದಂತೆ ಮಾಡುವ ಎಚ್‌ಟಿಟಿಪಿಎಸ್ ಬೇಕೇ ಬೇಕು. ಅದಕ್ಕೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಉಚಿತ. ಅವಧಿ ಚಿಕ್ಕದಾದ್ದರಿಂದ ನವೀಕರಣ ತಾನಾಗಿ ಆಗುವಂತೆ ಇಡಿ.

ಹಂತ 5: ಸೆಷನ್

ಲಾಗಿನ್ ಆದ ಕೂಡಲೇ ಸೆಷನ್ ಐಡಿ (ಒಳಗೆ ಬಂದವರನ್ನು ಮುಂದೆ ಗುರುತಿಸುವ ಸಂಕೇತ) ಹೊಸದಾಗಿ ಕೊಡಿ. ಅದನ್ನು ಬ್ರೌಸರಿನಲ್ಲಿ ಇಡುವ ಕುಕಿಯಲ್ಲಿ ಎಚ್‌ಟಿಟಿಪಿಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಲ್ಯಾಕ್ಸ್ ಎಂಬ ಮೂರೂ ಗುರುತು ಇರಲಿ. ಸೆಷನ್‌ಗಳನ್ನು ನೀವೇ ಟೇಬಲ್‌ನಲ್ಲಿ ಇಡುವುದಾದರೆ ಕುಕಿಗೆ 32 ಬೈಟಿನ ಯಾದೃಚ್ಛಿಕ ಟೋಕನ್ ಕೊಟ್ಟು, ಟೇಬಲ್‌ನಲ್ಲಿ ಅದರ ಎಸ್‌ಎಚ್‌ಎ-256 ಮಾತ್ರ ಇಡಿ. ಊಹಿಸಲಾಗದಷ್ಟು ದೊಡ್ಡ ಟೋಕನ್ ಆದ್ದರಿಂದ ಇಲ್ಲಿ ವೇಗದ ಹ್ಯಾಶ್ ಸಾಕು. ಲೆಕ್ಕ ನೋಡುವ ಸದಸ್ಯರಿಗೆ 30 ದಿನದ ಸೆಷನ್ ಕೊಡಬಹುದು; ಲೆಕ್ಕ ತಿದ್ದುವ ಅಧಿಕಾರವಿರುವ ಕಾರ್ಯದರ್ಶಿಗೆ 30 ನಿಮಿಷ ಕೈಯಾಡದಿದ್ದರೆ ಹೊರಗೆ. ಪಾಸ್‌ವರ್ಡ್ ಬದಲಾದರೆ ಆ ಸದಸ್ಯರ ಉಳಿದ ಸೆಷನ್‌ಗಳನ್ನೆಲ್ಲ ಅಳಿಸಿ.

ಹಂತ 6: ಮರೆತವರಿಗೆ

‘ಸಾರ್, ನನ್ ಪಾಸ್‌ವರ್ಡ್ ಏನಿತ್ತು, ಒಸಿ ನೋಡಿ ಹೇಳಿ’ ಎಂದು ಸದಸ್ಯರು ಬರುತ್ತಾರೆ. ಹೇಳಲು ಬರುವುದಿಲ್ಲ ಎಂಬುದೇ ಸರಿಯಾದ ಉತ್ತರ. ಹೇಳಲು ಬಂದರೆ ಆ್ಯಪ್ ಕೆಟ್ಟದಾಗಿದೆ ಎಂದು ಅರ್ಥ.

ಎಸ್‌ಎಂಎಸ್ ಒಟಿಪಿ ಸುಲಭ ಎನ್ನಿಸಬಹುದು. ಆದರೆ ಭಾರತದಲ್ಲಿ ಅದಕ್ಕೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಣಿ ಬೇಕು, ಕಳುಹಿಸುವವರ ಹೆಸರಿಗೂ ಸಂದೇಶದ ಮಾದರಿಗೂ ಒಪ್ಪಿಗೆ ಪಡೆಯಬೇಕು. ಸಂಘಕ್ಕೆ ಇದಕ್ಕಿಂತ ಒಳ್ಳೆಯ ಅನುಕೂಲ ಒಂದಿದೆ: ಸದಸ್ಯರು ದಿನಕ್ಕೆ ಎರಡು ಹೊತ್ತು ಡೇರಿಗೆ ಬಂದೇ ಬರುತ್ತಾರೆ. ಕಾರ್ಯದರ್ಶಿ ಮುಖ ನೋಡಿ, ಪಾಸ್‌ಬುಕ್ ನೋಡಿ, ಆ್ಯಪ್‌ನಿಂದ 8 ಅಂಕಿಯ ಒಂದು ಸಲದ ಕೋಡ್ ತೆಗೆದು ಚೀಟಿಯಲ್ಲಿ ಕೊಡಲಿ. ಬೆಳಿಗ್ಗೆ ಕೊಟ್ಟದ್ದು ಸಂಜೆಯ ಹಾಲಿನ ಹೊತ್ತಿಗೆ ಸಾಯಬೇಕು. ಐದು ತಪ್ಪಿಗೆ ರದ್ದಾಗಬೇಕು. 8 ಅಂಕಿ ಚಿಕ್ಕದು, ಆದ್ದರಿಂದ ಅದನ್ನೂ ಬಿಕ್ರಿಪ್ಟ್‌ನಲ್ಲೇ ಇಡಿ. ಯಾರಿಗೆ, ಯಾವಾಗ ಕೊಟ್ಟರು ಎಂಬ ದಾಖಲೆ ಉಳಿಯಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೋಡ್ ಹಾಕುವುದು ಬೇಡ.

ಅವಧಿ ಲೆಕ್ಕದಲ್ಲಿ ಬಹಳ ಜನ ಬೀಳುವ ಗುಂಡಿ ಒಂದಿದೆ. ಪಿಎಚ್‌ಪಿ ಭಾರತದ ಸಮಯದಲ್ಲಿ, ಮೈಎಸ್‌ಕ್ಯೂಎಲ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ) ಇದ್ದರೆ 30 ನಿಮಿಷದ ಕೋಡ್ 6 ಗಂಟೆ ಬದುಕುತ್ತದೆ. ತಿರುಗುಮುರುಗಾದರೆ ಹುಟ್ಟುವಾಗಲೇ ಸತ್ತಿರುತ್ತದೆ. ಎರಡನ್ನೂ ಯುಟಿಸಿಗೆ ಇಟ್ಟು, ತೋರಿಸುವಾಗ ಮಾತ್ರ ಐದೂವರೆ ಗಂಟೆ ಸೇರಿಸಿ.

ಹಳೆಯ ಆ್ಯಪ್ ಇದ್ದರೆ

ಪಾಸ್‌ವರ್ಡ್ ಬಯಲಾಗಿ ಬರೆದಿದ್ದರೆ ಎಲ್ಲವನ್ನೂ ಒಂದೇ ಸಲ ಹ್ಯಾಶ್ ಮಾಡಿ ಹಳೆಯ ಕಾಲಂ ತೆಗೆದುಹಾಕಿ. ಎಂಡಿ5 ಇದ್ದರೆ ಆ 32 ಅಕ್ಷರಗಳ ಮೇಲೇ ಬಿಕ್ರಿಪ್ಟ್ ಹಾಕಿ, ಆ ಸಾಲಿಗೆ ಗುರುತು ಇಡಿ. ಸದಸ್ಯರು ಮುಂದೆ ಲಾಗಿನ್ ಆದಾಗ ನೇರ ಬಿಕ್ರಿಪ್ಟ್‌ಗೆ ಬದಲಿಸಿ. ಹಳೆಯ ಬ್ಯಾಕಪ್‌ಗಳು, ಪೆನ್‌ಡ್ರೈವ್‌ನ ನಕಲುಗಳು, ಗೂಗಲ್ ಶೀಟ್ ಇವನ್ನು ಹುಡುಕಿ ಅಳಿಸದಿದ್ದರೆ ಮಾಡಿದ್ದು ಅರ್ಧ ಕೆಲಸ.

ಕಾನೂನಿನ ಹೊಣೆಯೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಕ್ಕ ಭದ್ರತೆ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ದತ್ತಾಂಶ ಸೋರಿದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂಬುದು 2022ರ ಏಪ್ರಿಲ್‌ನ ನಿರ್ದೇಶನ.

ಸದಸ್ಯರಿಗೆ ಬಿಡುವ ಮೊದಲು

ಆ್ಯಪ್‌ಗೆ ಡೇಟಾಬೇಸ್‌ನ ಎಲ್ಲ ಅಧಿಕಾರವಿರುವ ರೂಟ್ ಖಾತೆ ಕೊಟ್ಟಿಲ್ಲ, ಮೈಎಸ್‌ಕ್ಯೂಎಲ್‌ನ 3306 ಪೋರ್ಟ್ ಹೊರಗೆ ತೆರೆದಿಲ್ಲ, ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲ್ ವೆಬ್ ಫೋಲ್ಡರಿನ ಒಳಗಿಲ್ಲ ಎಂದು ನೋಡಿಕೊಳ್ಳಿ. ನಂತರ ಎರಡು ಪರೀಕ್ಷಾ ಖಾತೆ ತೆರೆದು ಎರಡಕ್ಕೂ ಒಂದೇ ಪಾಸ್‌ವರ್ಡ್ ಕೊಡಿ. ಟೇಬಲ್‌ನಲ್ಲಿ ಎರಡು ಹ್ಯಾಶ್ ಬೇರೆಬೇರೆ ಕಾಣಬೇಕು. ಡೇಟಾಬೇಸ್‌ನ ಪೂರ್ತಿ ಡಂಪ್ (ನಕಲು ಫೈಲ್) ತೆಗೆದು ಅದರಲ್ಲಿ ಆ ಪಾಸ್‌ವರ್ಡ್ ಹುಡುಕಿ, ಲಾಗ್ ಫೈಲುಗಳಲ್ಲೂ ಹುಡುಕಿ, ಎಲ್ಲೂ ಸಿಗಬಾರದು. ಅದೇ ಡಂಪನ್ನು ಬೇರೊಂದು ಕಂಪ್ಯೂಟರಿನಲ್ಲಿ ಮರಳಿ ಹಾಕಿ ಲಾಗಿನ್ ಆಗಿ ನೋಡಿ. ಒಳಗೆ ಹೋದರೆ ಬ್ಯಾಕಪ್ ಕೂಡ ಸರಿಯಾಗಿದೆ. ಡಂಪ್ ಫೈಲನ್ನು ಎನ್‌ಕ್ರಿಪ್ಟ್ ಮಾಡಿ, ಸರ್ವರ್ ಇರುವ ಜಾಗದಿಂದ ಬೇರೆ ಕಡೆ ಇಡಿ.