ಓದು ಬಿಟ್ಟವರು ಮತ್ತೆ ಕಾಲೇಜಿಗೆ: ‘ಫ್ರೆಶ್ ಸ್ಟಾರ್ಟ್’ ಕೇಳುವ ಮುನ್ನ

ಅಮೆರಿಕದಲ್ಲಿ ಡಿಗ್ರಿ ಅರ್ಧಕ್ಕೇ ಬಿಟ್ಟು, ವರ್ಷಗಳ ನಂತರ ಮರಳಿ ಬರುವವರಿಗೆ ಹಲವು ವಿಶ್ವವಿದ್ಯಾಲಯಗಳು ಒಂದು ದಾರಿ ಮಾಡಿಕೊಟ್ಟಿವೆ. ಹಳೆಯ ಗ್ರೇಡ್‌ಗಳನ್ನು ಬದಿಗಿಟ್ಟು ಜಿಪಿಎ (ಗ್ರೇಡ್‌ಗಳ ಸರಾಸರಿ) ಲೆಕ್ಕವನ್ನು ಹೊಸದಾಗಿ ಶುರು ಮಾಡುತ್ತಾರೆ. ಫ್ರೆಶ್ ಸ್ಟಾರ್ಟ್, ಅಕಾಡೆಮಿಕ್ ರಿನ್ಯೂವಲ್ ಅಂತ ಒಂದೊಂದು ಕಡೆ ಒಂದೊಂದು ಹೆಸರು. ಒಳ್ಳೆಯ ಅವಕಾಶವೇ. ಆದರೆ ಲೆಕ್ಕ ಹಾಕದೆ ಸಹಿ ಮಾಡಿ, ಪಾಸಾದ ವಿಷಯಗಳನ್ನೂ ಕಳೆದುಕೊಂಡು ಕೂರುವವರಿದ್ದಾರೆ.

1. ಹಿಂದೆ ಓದಿದ ಎಲ್ಲ ಕಾಲೇಜುಗಳ ಗ್ರೇಡ್ ದಾಖಲೆ, ಅಂದರೆ ಟ್ರಾನ್ಸ್‌ಕ್ರಿಪ್ಟ್ ತರಿಸಿ. ಫೀಸು ಬಾಕಿ ಇದ್ದರೆ ತೀರಿಸಿ.

2. ನಿಮ್ಮ ಕಾಲೇಜಿನ ನಿಯಮ ಓದಿ. ಟೆಕ್ಸಾಸ್‌ನಲ್ಲಿ ಇದಕ್ಕೆ ರಾಜ್ಯದ ಕಾನೂನೇ ಇದೆ. 10 ವರ್ಷ ಅಥವಾ ಅದಕ್ಕೂ ಹಳೆಯ ಕೋರ್ಸ್‌ಗಳನ್ನು ಪ್ರವೇಶದ ವೇಳೆ ನೋಡಬೇಡಿ ಎಂದು ಕೇಳಬಹುದು. ಆಗ ಆ ಕಾಲದ ಒಳ್ಳೆಯ ಕೋರ್ಸ್‌ಗಳ ಕ್ರೆಡಿಟ್ಟೂ (ಡಿಗ್ರಿಯ ಲೆಕ್ಕಕ್ಕೆ ಸೇರುವ ಘಟಕ) ಹೋಗುತ್ತದೆ. ಬೇರೆ ಕೆಲವು ಕಡೆ ಸಿ ಮತ್ತು ಅದಕ್ಕಿಂತ ಮೇಲಿನ ಗ್ರೇಡ್‌ನ ಕ್ರೆಡಿಟ್ ಉಳಿಯುತ್ತದೆ.

3. ಈಗ ಪೇಪರು, ಪೆನ್ನು ಹಿಡಿದು ಕೂರಿ. ಎಡವುವುದು ಇಲ್ಲೇ. ಮೂರು ಕ್ರೆಡಿಟ್‌ನ 10 ಕೋರ್ಸ್ ಮಾಡಿದ್ದೀರಿ ಅಂದುಕೊಳ್ಳಿ. ಎಂಟರಲ್ಲಿ ಸಿ, ಎರಡರಲ್ಲಿ ಎಫ್. ಒಂದು ಕ್ರೆಡಿಟ್‌ಗೆ ಸಿ ಬಂದರೆ 2 ಅಂಕ, ಎ ಬಂದರೆ 4, ಎಫ್‌ಗೆ ಸೊನ್ನೆ. ಒಟ್ಟು 48 ಅಂಕವನ್ನು 30 ಕ್ರೆಡಿಟ್‌ಗೆ ಭಾಗಿಸಿದರೆ ಜಿಪಿಎ 1.6. ಸಾಮಾನ್ಯವಾಗಿ ಬೇಕಾಗುವ 2.0ಕ್ಕಿಂತ ಕಡಿಮೆ. ಇದನ್ನು ನೋಡಿ ಗಾಬರಿಯಾಗಿ ‘ಎಲ್ಲಾ ಅಳಿಸಿಬಿಡಿ’ ಅನ್ನುತ್ತಾರೆ. ಸ್ವಲ್ಪ ತಾಳಿ! ಎಫ್ ಬಂದ ಎರಡನ್ನೇ ಮತ್ತೆ ಓದಿ ಎ ತೆಗೆದರೆ, ಹಳೆಯ ಗ್ರೇಡ್ ಜಾಗದಲ್ಲಿ ಹೊಸದನ್ನು ಹಾಕುವ ಕಾಲೇಜಿನಲ್ಲಿ 24 ಅಂಕ ಸೇರುತ್ತದೆ. 72 ಭಾಗಿಸು 30, ಅಂದರೆ 2.4. ಪಾಸಾದ 24 ಕ್ರೆಡಿಟ್ ಕೈಯಲ್ಲೇ ಉಳಿಯಿತು, ಅಲ್ವಾ? ಎಫ್‌ಗಳು ಎರಡು ಮೂರು ಇದ್ದರೆ ಈ ದಾರಿಯನ್ನೇ ಹಿಡಿಯಿರಿ. ಪುಟ ತುಂಬಾ ಎಫ್ ಇದ್ದರೆ, ಅಥವಾ ಓದುವ ವಿಷಯವೇ ಬದಲಾಗಿದ್ದರೆ ಫ್ರೆಶ್ ಸ್ಟಾರ್ಟ್ ಸರಿ. ಸಾಮಾನ್ಯವಾಗಿ ಒಂದೇ ಸಲ ಸಿಗುತ್ತದೆ, ವಾಪಸ್ ಪಡೆಯಲಾಗದು.

ಹಳೆಯ ಗ್ರೇಡ್ ಟ್ರಾನ್ಸ್‌ಕ್ರಿಪ್ಟ್‌ನಿಂದ ಮಾಯವಾಗುವುದಿಲ್ಲ. ಜಿಪಿಎ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ. ಮುಂದೆ ಮೆಡಿಕಲ್, ಲಾ ಓದುವ ಆಸೆಯಿದ್ದರೆ ಅಲ್ಲಿನ ಕೇಂದ್ರೀಯ ಅರ್ಜಿ ಸಂಸ್ಥೆಗಳು ಸಾಮಾನ್ಯವಾಗಿ ಹಳೆಯ ಗ್ರೇಡನ್ನೂ ಸೇರಿಸಿಯೇ ಜಿಪಿಎ ಹಾಕುತ್ತವೆ. ‘ಟ್ರಾನ್ಸ್‌ಕ್ರಿಪ್ಟ್ ಕ್ಲೀನ್ ಮಾಡಿಕೊಡುತ್ತೇವೆ’ ಅನ್ನುವವರಿಗೆ ಒಂದು ಡಾಲರೂ ಕೊಡಬೇಡಿ. ಆ ದಾಖಲೆಯನ್ನು ಮುಟ್ಟುವುದು ರಿಜಿಸ್ಟ್ರಾರ್ ಕಚೇರಿ ಬಿಟ್ಟು ಯಾರಿಂದಲೂ ಆಗದು.

4. ಸಹಿಗೆ ಮೊದಲು ಫೈನಾನ್ಶಿಯಲ್ ಏಡ್ ಕಚೇರಿಗೆ ಹೋಗಿ. ಫೆಡರಲ್ (ಕೇಂದ್ರ ಸರ್ಕಾರದ) ನೆರವಿನ ನಿಯಮ ಈ ಮಾಫಿಯನ್ನು ಒಪ್ಪುವುದಿಲ್ಲ. ಹಿಂದೆ ತೆಗೆದುಕೊಂಡ ಕ್ರೆಡಿಟ್‌ಗಳೂ ಲೆಕ್ಕಕ್ಕೆ ಬರುತ್ತವೆ. ಡಿಗ್ರಿಗೆ 120 ಕ್ರೆಡಿಟ್ ಬೇಕಿದ್ದರೆ, ನೆರವು ಸಿಗುವುದು ಪಾಸೋ ಫೇಲೋ, ಒಟ್ಟು 180 ಕ್ರೆಡಿಟ್ ತೆಗೆದುಕೊಳ್ಳುವವರೆಗೆ ಮಾತ್ರ. ಆ ಮಿತಿ ಹತ್ತಿರವಿದ್ದರೆ ಅಪೀಲ್ ಹೇಗೆ ಅಂತ ಅಲ್ಲೇ ಕೇಳಿ.

5. ಅರ್ಜಿಯ ಜೊತೆಗಿನ ಪತ್ರ ಒಂದೇ ಪುಟವಿರಲಿ. ಆಗ ಏನಾಗಿತ್ತು ಎಂಬುದಕ್ಕೆ ಎರಡು ಸಾಲು ಸಾಕು. ‘ಈಗ ಶ್ರದ್ಧೆಯಿಂದ ಓದುತ್ತೇನೆ’ ಅಂತ ಸುಮ್ನೆ ಬರೆಯಬೇಡಿ. ‘ರಾತ್ರಿ ಪಾಳಿ ಬಿಟ್ಟಿದ್ದೇನೆ, ಸಂಜೆ ಮಗುವನ್ನು ಅಮ್ಮ ನೋಡಿಕೊಳ್ಳುತ್ತಾರೆ’ ಅನ್ನುವಂಥದ್ದನ್ನು ಬರೆಯಿರಿ.

6. ಮರಳಿ ಬಂದ ಮೇಲೆ ಇಷ್ಟು ಕ್ರೆಡಿಟ್ ಚೆನ್ನಾಗಿ ಮುಗಿಸಿದರೆ ಮಾತ್ರ ಮಂಜೂರು ಅನ್ನುವ ಕಾಲೇಜುಗಳು ಬಹಳ. ಹಾಗಾಗಿ ಮೊದಲ ಸೆಮಿಸ್ಟರ್‌ನಲ್ಲಿ ಎರಡೇ ಕೋರ್ಸ್ ತೆಗೆದುಕೊಳ್ಳಿ. ಆರು ಕ್ರೆಡಿಟ್ ಇದ್ದರೆ ಸಾಮಾನ್ಯವಾಗಿ ಅರ್ಧಾವಧಿ ವಿದ್ಯಾರ್ಥಿ ಎಂದು ಲೆಕ್ಕ, ಫೆಡರಲ್ ಸಾಲಕ್ಕೆ ಅಷ್ಟು ಸಾಕು.